ಹೊಸ ಪ್ಲೇಯರ್ ಬಂದ, ಹೊಸ ಕೋಚ್ ಬಂದ, ಸಂಬಳ ಬರುತ್ತಾ?

ಜೂನ್-ಜುಲೈ ಬಂತು ಅಂದ್ರೆ ರಾಜಾಜಿನಗರದ ನಮ್ಮ ಫುಟ್‌ಬಾಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಚರ್ಚೆ. ಬೆಂಗಳೂರು ಎಫ್‌ಸಿ ಯಾರನ್ನ ತಗೊಳ್ತು, ಯಾರನ್ನ ಬಿಡ್ತು, ಕೋಚ್ ಉಳೀತಾರಾ ಹೋಗ್ತಾರಾ? 2025ರ ಆಗಸ್ಟ್‌ನಲ್ಲಿ ಮಾತ್ರ ಗುಂಪಿಗೆ ಬಂದ ಸುದ್ದಿ ಬೇರೆಯೇ ಆಗಿತ್ತು. ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿದಿರುವುದಾಗಿ ಕ್ಲಬ್ ಪ್ರಕಟಿಸಿತ್ತು.

ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ಗೆಳೆಯನೊಬ್ಬ ಕೇಳಿದ: "ಕಾಂಟ್ರಾಕ್ಟ್ ಇದೆಯಲ್ಲ ಮಗಾ, ಅದ್ಹೇಗೆ ನಿಲ್ಲಿಸ್ತಾರೆ?"

ಒಳ್ಳೆಯ ಪ್ರಶ್ನೆ. ಹೊಸ ಸೀಸನ್‌ಗೆ ಮುಂಚೆ ನಾವು ಸಂಭ್ರಮಿಸುವ 'ಸೈನಿಂಗ್' ಅಂದರೆ ನಿಜಕ್ಕೂ ಏನು ಅಂತ ಗೊತ್ತಾಗದೆ ಇದಕ್ಕೆ ಉತ್ತರ ಸಿಗಲ್ಲ.

ಹರಾಜಲ್ಲ, ಉದ್ಯೋಗ ಒಪ್ಪಂದ

ಐಪಿಎಲ್ ನೋಡಿ ಬೆಳೆದ ನಮಗೆ ಆಟಗಾರ ಅಂದ್ರೆ ಹರಾಜು ನೆನಪಾಗುತ್ತೆ. ಐಎಸ್‌ಎಲ್‌ನಲ್ಲೂ 2015ರಲ್ಲಿ ಒಮ್ಮೆ ಹರಾಜು ನಡೆದಿತ್ತು. ಆಗ ಮುಂಬೈ ಸಿಟಿ 1.20 ಕೋಟಿ ರೂಪಾಯಿಗೆ ಸುನಿಲ್ ಛೆಟ್ರಿಯನ್ನು ಪಡೆದಿತ್ತು. ಆದರೆ ಜಗತ್ತಿನ ಫುಟ್‌ಬಾಲ್ ನಡೆಯೋದು ಹಾಗಲ್ಲ. ಇಲ್ಲಿ ಕ್ಲಬ್ ಉದ್ಯೋಗದಾತ, ಆಟಗಾರ ನೌಕರ. ಇಬ್ಬರ ನಡುವೆ ನಿಗದಿತ ಅವಧಿಯ ಒಪ್ಪಂದ ಇರುತ್ತೆ. ಫಿಫಾ ನಿಯಮದ ಪ್ರಕಾರ ಈ ಅವಧಿ ಹೆಚ್ಚೆಂದರೆ 5 ವರ್ಷ.

ಒಪ್ಪಂದ ಮುಗಿಯುವ ಮುನ್ನ ಆಟಗಾರ ಬೇಕು ಅಂದ್ರೆ ಹಳೆಯ ಕ್ಲಬ್‌ಗೆ ಹಣ ಕೊಡಬೇಕು. ಅದೇ ಟ್ರಾನ್ಸ್‌ಫರ್ ಫೀ. ಒಪ್ಪಂದ ಮುಗಿದಿದ್ದರೆ ಏನೂ ಕೊಡಬೇಕಿಲ್ಲ, ಅವನು ಫ್ರೀ. ಕೊನೆಯ 6 ತಿಂಗಳು ಉಳಿದಿರುವಾಗಲೇ ಮುಂದಿನ ಕ್ಲಬ್ ಜತೆ ಸಹಿ ಹಾಕುವ ಹಕ್ಕೂ ಆಟಗಾರನಿಗಿದೆ. ಯುರೋಪಿನಲ್ಲಿ 1995ರ ಬೋಸ್ಮನ್ ತೀರ್ಪು ಬರುವವರೆಗೆ ಇಷ್ಟೂ ಇರಲಿಲ್ಲ. ಒಪ್ಪಂದ ಮುಗಿದ ಮೇಲೂ ಹಳೆಯ ಕ್ಲಬ್ ಹಣ ಕೇಳಬಹುದಿತ್ತು. ಬೆಲ್ಜಿಯಂನ ಒಬ್ಬ ಆಟಗಾರ ಕೋರ್ಟಿಗೆ ಹೋಗಿ ಕಾರ್ಮಿಕನಾಗಿ ಗೆದ್ದ ಹಕ್ಕು ಅದು.

ಸಾಮಾನ್ಯವಾಗಿ ಸಹಿಯೆಲ್ಲ 'ವಿಂಡೋ' ತೆರೆದಿರುವಾಗ ನೋಂದಣಿಯಾಗುತ್ತೆ. ವರ್ಷಕ್ಕೆ ಎರಡೇ ವಿಂಡೋ. ಈ ವಿಷಯ ನೆನಪಿಡಿ, ಆಮೇಲೆ ಬೇಕಾಗುತ್ತೆ.

ಕೋಚ್ ಬದಲಾದರೆ ಸಾಕಾ?

2013ರಲ್ಲಿ ಜೆಎಸ್‌ಡಬ್ಲ್ಯು ಈ ಕ್ಲಬ್ ಕಟ್ಟಿದಾಗ ಮೊದಲ ಕೋಚ್ ಆಶ್ಲೆ ವೆಸ್ಟ್‌ವುಡ್. ಮೊದಲ ವರ್ಷವೇ ಐ-ಲೀಗ್ ಗೆದ್ದರು. ನಂತರ ಬಂದ ಆಲ್ಬರ್ಟ್ ರೋಕಾ ತಂಡವನ್ನು 2016ರ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2018-19ರಲ್ಲಿ ಐಎಸ್‌ಎಲ್ ಗೆದ್ದರು. ಅದೇ ಕ್ವಾಡ್ರಾಟ್ 2021ರ ಜನವರಿಯಲ್ಲಿ ಸತತ ಸೋಲುಗಳ ನಂತರ ಹೊರಗೆ. ಆಮೇಲೆ ಮಾರ್ಕೊ ಪೆಜ್ಜಾಯುವೊಲಿ, ಸೈಮನ್ ಗ್ರೇಸನ್, 2023ರ ಡಿಸೆಂಬರ್‌ನಲ್ಲಿ ಜೆರಾರ್ಡ್ ಜರಗೋಜಾ.

ತಂಡ ಸೋತಾಗ ಕೋಚ್ ಕಳಿಸೋದು ಸುಲಭ. ಇಪ್ಪತ್ತೈದು ಆಟಗಾರರನ್ನು ಸೀಸನ್ ಮಧ್ಯೆ ಬದಲಿಸೋಕಾಗಲ್ಲ, ಒಬ್ಬ ಕೋಚ್‌ನ ಬದಲಿಸಬಹುದು. ಆದ್ರೆ ನಿಜವಾದ ಬದಲಾವಣೆ ಆಗೋದು ವಿಂಡೋದಲ್ಲಿ. 2023-24ರಲ್ಲಿ ಬಿಎಫ್‌ಸಿ 10ನೇ ಸ್ಥಾನಕ್ಕೆ ಕುಸಿದಿತ್ತು. ಆದರೂ ಜರಗೋಜಾ ಉಳಿದರು, ತಂಡ ಬದಲಾಯಿತು. ಆಲ್ಬರ್ಟೊ ನೊಗೆರಾ, ಹೊರ್ಹೆ ಪೆರೇರಾ ಡಯಾಜ್, ಎಡ್ಗರ್ ಮೆಂಡೆಜ್, ಪೆಡ್ರೊ ಕಾಪೊ ಬಂದರು. 2019ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದಿದ್ದ ರಾಹುಲ್ ಭೇಕೆ ವಾಪಸಾದರು. ಮರುವರ್ಷ ಅದೇ ತಂಡ ಫೈನಲ್‌ನಲ್ಲಿತ್ತು. 2025ರ ಏಪ್ರಿಲ್ 12ರಂದು ಮೋಹನ್ ಬಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು, ಅಷ್ಟೇ.

ಆ ಸೀಸನ್‌ನ ಮೊದಲ ಪಂದ್ಯದಲ್ಲಿ, ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ಮಾತ್ರ ಇವರ್ಯಾರೂ ಅಲ್ಲ. ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದ 19ರ ಹುಡುಗ ವಿನೀತ್ ವೆಂಕಟೇಶ್. ಹೊಸ ಸೈನಿಂಗ್‌ಗಳ ಪೋಸ್ಟರ್‌ನಲ್ಲಿ ಇಂಥ ಹುಡುಗರು ಕಾಣಲ್ಲ. ಅವರಿಗೆ ಬೇಕಿರೋದು ಪೋಸ್ಟರ್ ಅಲ್ಲ, ಆಡೋಕೆ ಒಂದು ಸೀಸನ್.

ಎಲ್ಲ ಒಪ್ಪಂದಗಳ ಕೆಳಗಿದ್ದ ಒಪ್ಪಂದ

ಆ ಸೀಸನ್ನೇ 2025ರಲ್ಲಿ ಮಾಯವಾಗಿದ್ದು. ಐಪಿಎಲ್ ಬಿಸಿಸಿಐನ ಸ್ವಂತ ಟೂರ್ನಿ. ಐಎಸ್‌ಎಲ್ ಹಾಗಲ್ಲ. ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್ 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಒಪ್ಪಿಸಿತ್ತು. ಅದರ ಮೇಲೆಯೇ ಎಫ್‌ಎಸ್‌ಡಿಎಲ್ ಎಂಬ ಖಾಸಗಿ ಕಂಪನಿ ಲೀಗ್ ನಡೆಸುತ್ತಿತ್ತು. ಒಪ್ಪಂದದ ಕೊನೆಯ ದಿನ 2025ರ ಡಿಸೆಂಬರ್ 8.

ಆ ದಿನಾಂಕ 15 ವರ್ಷದಿಂದ ಎಲ್ಲರಿಗೂ ಗೊತ್ತಿತ್ತು. ಆದರೆ ಎಐಎಫ್‌ಎಫ್ ಸಂವಿಧಾನದ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿತ್ತು, ಹೊಸ ಒಪ್ಪಂದದ ಮಾತುಕತೆ ನಿಂತಿತು. ಜುಲೈ 11ರಂದು ಎಫ್‌ಎಸ್‌ಡಿಎಲ್ ಲೀಗನ್ನು ತಡೆಹಿಡಿದಿರುವುದಾಗಿ ಕ್ಲಬ್‌ಗಳಿಗೆ ತಿಳಿಸಿತು. ಮುಂದಿನದು ಸರಪಳಿ: ಲೀಗ್ ಇಲ್ಲ, ಅಂದ್ರೆ ಪ್ರಸಾರವಿಲ್ಲ, ಪ್ರಸಾರವಿಲ್ಲ, ಅಂದ್ರೆ ಪ್ರಾಯೋಜಕರಿಲ್ಲ, ಕೊನೆಗೆ ಸಂಬಳವಿಲ್ಲ. ಅಕ್ಟೋಬರ್‌ನಲ್ಲಿ ಹಕ್ಕುಗಳಿಗೆ ಟೆಂಡರ್ ಕರೆದರೆ ಒಂದೇ ಒಂದು ಬಿಡ್ ಬರಲಿಲ್ಲ. 2026ರ ಜನವರಿಯಲ್ಲಿ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು ಮುಂತಾದವರು ವಿಡಿಯೊ ಮಾಡಿ ಫಿಫಾ ಮಧ್ಯಪ್ರವೇಶಿಸಲಿ ಅಂತ ಬೇಡಿಕೊಳ್ಳಬೇಕಾಯಿತು. ಕೊನೆಗೆ ಫೆಬ್ರವರಿ 14ಕ್ಕೆ ಲೀಗ್ ಶುರು ಎಂದು ಕೇಂದ್ರ ಕ್ರೀಡಾ ಸಚಿವರು ಘೋಷಿಸಿದರು. 14 ತಂಡ, ಒಬ್ಬರ ವಿರುದ್ಧ ಒಂದೇ ಪಂದ್ಯ, ಒಟ್ಟು 91.

ಗೆಳೆಯನ ಪ್ರಶ್ನೆಗೆ ಉತ್ತರ

ಕಾಗದದ ಮೇಲೆ ಆಟಗಾರನಿಗೆ ರಕ್ಷಣೆ ಇದೆ. ಕ್ಲಬ್ 2 ತಿಂಗಳ ಸಂಬಳ ಬಾಕಿ ಇಟ್ಟರೆ ಲಿಖಿತ ನೋಟಿಸ್ ಕೊಟ್ಟು, 15 ದಿನ ಕಾದು ಒಪ್ಪಂದ ಮುರಿಯಬಹುದು ಅನ್ನುತ್ತೆ ಫಿಫಾ ನಿಯಮ. ಪರಿಹಾರವನ್ನೂ ಕೇಳಬಹುದು.

ಆದ್ರೆ ಮುರಿದು ಹೋಗೋದೆಲ್ಲಿಗೆ? ಲೀಗೇ ಇಲ್ಲದಾಗ ಎಲ್ಲ ಕ್ಲಬ್‌ಗಳದ್ದೂ ಅದೇ ಕಥೆ. ವಿದೇಶಿ ಆಟಗಾರರಿಗೆ ದಾರಿ ಇತ್ತು; ಕೇರಳ ಬ್ಲಾಸ್ಟರ್ಸ್ ನಾಯಕ ಆಡ್ರಿಯನ್ ಲೂನಾ ಲೋನ್ ಮೇಲೆ ಇಂಡೊನೇಷ್ಯಾಕ್ಕೆ ಹೋದರು. ಛೆಟ್ರಿಯಂಥವರು ಒಂದು ವರ್ಷ ತಡೆದುಕೊಳ್ಳಬಹುದು. ಮೊದಲ ಒಪ್ಪಂದಕ್ಕೆ ಸಹಿ ಹಾಕಿದ 20ರ ಹುಡುಗ, ತಂಡದ ಫಿಸಿಯೊ, ಕಿಟ್ ನೋಡಿಕೊಳ್ಳುವವರು ಏನು ಮಾಡಬೇಕು? ಹಕ್ಕು ಇರೋದು ಬೇರೆ, ಅದನ್ನ ಬಳಸೋ ಶಕ್ತಿ ಇರೋದು ಬೇರೆ.

ಬೆಂಗಳೂರಿಗೆ ಇದರ ಇನ್ನೊಂದು ಮಾದರಿ ಗೊತ್ತಿತ್ತು. ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಉದ್ಯಮಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಸಂಬಳ ದೊಡ್ಡದಲ್ಲ, ಆದರೆ ಮೊಣಕಾಲು ಹೋದರೂ ಕೆಲಸ ಹೋಗ್ತಿರಲಿಲ್ಲ. ಎಚ್‌ಎಎಲ್ ತಂಡ 2012ರವರೆಗೂ ಐ-ಲೀಗ್‌ನಲ್ಲಿತ್ತು. ಮರುವರ್ಷ ಬಿಎಫ್‌ಸಿ ಹುಟ್ಟಿತು. ಕಾರ್ಖಾನೆಗಳ ಜತೆಗೇ ಬೆಳೆದ, ಇಎಸ್‌ಐ ಆಸ್ಪತ್ರೆ ಇರುವ ರಾಜಾಜಿನಗರದಲ್ಲಿ ಪರ್ಮನೆಂಟ್ ಮತ್ತು ಕಾಂಟ್ರಾಕ್ಟ್ ನಡುವಿನ ವ್ಯತ್ಯಾಸ ಯಾರಿಗೂ ವಿವರಿಸಬೇಕಿಲ್ಲ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಬಿಎಫ್‌ಸಿ ತಂದ ವೃತ್ತಿಪರತೆ, ಅಕಾಡೆಮಿ, ಕಂಠೀರವದ ವೆಸ್ಟ್ ಬ್ಲಾಕ್‌ನ ಹಾಡು ಇದ್ಯಾವುದೂ ಮೊದಲು ಇರಲಿಲ್ಲ. ಆದರೆ ನೌಕರಿಯ ಭದ್ರತೆ ತೆಗೆದು ಒಪ್ಪಂದ ಕೊಟ್ಟ ಮೇಲೆ, ಆ ಒಪ್ಪಂದವಾದರೂ ಗಟ್ಟಿ ಇರಬೇಕಲ್ವಾ? ಅದಕ್ಕೆ ಬೇಕಿರೋದು ದೀರ್ಘಾವಧಿಗೆ ಖಾತ್ರಿಯಾದ ಲೀಗ್, ಸೀಸನ್‌ಗೆ ಮುಂಚೆಯೇ ಪ್ರಕಟವಾಗುವ ವೇಳಾಪಟ್ಟಿ, ಸಂಬಳಕ್ಕೆ ಕ್ಲಬ್‌ಗಳು ಮೊದಲೇ ಇಡುವ ಠೇವಣಿ, ಮತ್ತು ಮಾತುಕತೆಯ ಮೇಜಿನಲ್ಲಿ ಆಟಗಾರರ ಸಂಘಟನೆಗೆ ಒಂದು ಕುರ್ಚಿ.

ಮುಂದಿನ ಸಲ ಹೊಸ ಸ್ಟ್ರೈಕರ್‌ನ ಪೋಸ್ಟರ್ ಬಂದಾಗ ನಾನೂ ಶೇರ್ ಮಾಡ್ತೀನಿ, ಬಿಡಿ. ಜತೆಗೆ ಗುಂಪಿನಲ್ಲಿ ಒಂದು ಪ್ರಶ್ನೆಯನ್ನೂ ಹಾಕ್ತೀನಿ: ಲೀಗ್ ಯಾವ ದಿನ ಶುರು, ಯಾವ ದಿನ ಮುಗಿಯುತ್ತೆ?