ಹಜಾರದಲ್ಲಿ ಫೈರ್‌ಪ್ಲೇಸ್: ಬೆಚ್ಚಗಿರಲಿ, ಉಸಿರು ಕಟ್ಟದಿರಲಿ

ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಹಳೆಯ ಎಸ್ಟೇಟ್ ಬಂಗಲೆಗಳನ್ನು ನೋಡಿದವರಿಗೆ ಹಜಾರದ ಗೋಡೆಯಲ್ಲಿ ಕಲ್ಲಿನಿಂದ ಕಟ್ಟಿದ ಫೈರ್‌ಪ್ಲೇಸ್ ನೆನಪಿರುತ್ತದೆ. ಬ್ರಿಟಿಷ್ ಪ್ಲಾಂಟರುಗಳು ತಮ್ಮ ಊರಿನ ಅಭ್ಯಾಸವನ್ನು ಇಲ್ಲಿಗೂ ತಂದರು. ತಿಂಗಳುಗಟ್ಟಲೆ ಮಳೆ ಸುರಿದು, ಗೋಡೆ ಬೆವರಿ, ಹಾಸಿಗೆ ಬಟ್ಟೆಗಳೆಲ್ಲ ಮುಗ್ಗಲು ಹಿಡಿಯುವ ಊರುಗಳಲ್ಲಿ ಅದು ಬರೀ ಶೋಕಿಯ ವಸ್ತುವೂ ಆಗಿರಲಿಲ್ಲ. ಈಗ ಹೋಂಸ್ಟೇಗಳಲ್ಲಿ, ಹೊಸ ತೋಟದ ಮನೆಗಳಲ್ಲಿ, ಬೆಂಗಳೂರಿನ ಕೆಲವು ದೊಡ್ಡ ಮನೆಗಳಲ್ಲಿ ಕೂಡ ಇದು ಮತ್ತೆ ಕಾಣಿಸಿಕೊಳ್ಳುತ್ತಿದೆ. ಉರಿಯುವ ಬೆಂಕಿಯ ಮುಂದೆ ಮನೆಮಂದಿಯೆಲ್ಲ ಕುಳಿತು ಮಾತಾಡುವ ಸುಖವನ್ನು ವಿದ್ಯುತ್ ಹೀಟರ್ ಕೊಡಲಾರದು, ನಿಜ. ಆದರೆ ಮನೆ ಕಟ್ಟಿಸುವವರು ಮುಂಭಾಗದ ಕಲ್ಲು ಯಾವುದು, ಮೇಲಿನ ಮರದ ಹಲಗೆ ಎಂಥದು ಎಂದು ವಾರಗಟ್ಟಲೆ ಚರ್ಚಿಸುತ್ತಾರೆ. ಹೊಗೆ ಎಲ್ಲಿಂದ, ಹೇಗೆ ಹೋಗುತ್ತದೆ ಎಂಬುದನ್ನು ಮೇಸ್ತ್ರಿಯ ಅಂದಾಜಿಗೆ ಬಿಟ್ಟುಬಿಡುತ್ತಾರೆ. ನಿಮ್ಮ ಆರೋಗ್ಯಕ್ಕೆ ಸಂಬಂಧಪಟ್ಟದ್ದು ಇರುವುದೆಲ್ಲ ಆ ಎರಡನೆಯ ವಿಷಯದಲ್ಲಿ.

ನಮ್ಮ ಹಿಂದಿನ ಮನೆಗಳಲ್ಲಿ ಒಲೆ, ಹಂಡೆ ಉರಿ ಎಲ್ಲ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಹೆಂಚಿನ ಮಾಡಿನ ಸಂದಿಗಳಲ್ಲಿ ಹೊಗೆ ಹೇಗೋ ಹೊರಗೆ ಹೋಗುತ್ತಿತ್ತು. ಹಾಗಿದ್ದೂ ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರ ಕೆಮ್ಮು, ಉಬ್ಬಸ, ಕಣ್ಣುರಿ ಯಾರಿಗೆ ಗೊತ್ತಿಲ್ಲ? ಬೀಡಿ, ಸಿಗರೇಟು ಮುಟ್ಟದ ಹೆಂಗಸರ ಶ್ವಾಸಕೋಶವೂ ಈ ಹೊಗೆಯಿಂದ ಕೆಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಗೆ ಹೊಗೆ ಕೊಳವೆ ಇಟ್ಟದ್ದು ಈ ಕಾರಣಕ್ಕೇ. ಇಂದಿನ ಮನೆಯಲ್ಲಿ ಆ ಹೆಂಚಿನ ಸಂದಿಯೂ ಇಲ್ಲ. ಮೇಲೆ ಆರ್‌ಸಿಸಿ ತಾರಸಿ, ಬಿಗಿಯಾಗಿ ಮುಚ್ಚುವ ಅಲ್ಯೂಮಿನಿಯಂ ಕಿಟಕಿ. ಹೊಗೆಗೆ ಉಳಿದ ದಾರಿ ಚಿಮಣಿಯೊಂದೇ.

ಚಿಮಣಿ ಕೆಲಸ ಮಾಡುವುದು ಬಿಸಿ ಗಾಳಿ ಹಗುರವಾಗಿ ಮೇಲೇರುವುದರಿಂದ. ಅದು ಏರಿದಷ್ಟೂ ಕೋಣೆಯ ಗಾಳಿ ಬೆಂಕಿಯ ಕಡೆಗೆ ಸೆಳೆಯಲ್ಪಡುತ್ತದೆ. ಹೀಗಾಗಿ ತೆರೆದ ಫೈರ್‌ಪ್ಲೇಸ್‌ನಲ್ಲಿ ಶಾಖದ ಬಹುಪಾಲು ಆಕಾಶಕ್ಕೇ ಹೋಗುತ್ತದೆ. ಮುಂದೆ ಕುಳಿತವರ ಮೊಣಕಾಲು ಬೆಚ್ಚಗಾದರೆ ಬೆನ್ನು ತಣ್ಣಗೇ ಇರುತ್ತದೆ. 1796ರಲ್ಲಿ ಲಂಡನ್ನಿನಲ್ಲಿ ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ ಇದಕ್ಕೊಂದು ಪರಿಹಾರ ಬರೆದ. ಗೂಡಿನ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಟ್ಟು, ಹಿಂಗೋಡೆಯನ್ನು ಮುಂಬಾಯಿಯ ಅಗಲದ ಮೂರನೇ ಒಂದು ಭಾಗಕ್ಕೆ ಇಳಿಸಿ, ಹೊಗೆ ಹೋಗುವ ಗಂಟಲನ್ನು 4 ಅಂಗುಲಕ್ಕೆ ಕಿರಿದುಗೊಳಿಸಿದರೆ ಶಾಖ ಕೋಣೆಗೆ ಚಿಮ್ಮುತ್ತದೆ, ಹೊಗೆಯೂ ಚುರುಕಾಗಿ ಮೇಲೇರುತ್ತದೆ ಎಂಬುದು ಅವನ ಲೆಕ್ಕ. ಇಂದಿಗೂ ಒಳ್ಳೆಯ ಮೇಸ್ತ್ರಿಗಳು ಇದೇ ಆಕಾರದಲ್ಲಿ ಕಟ್ಟುತ್ತಾರೆ.

ಕೊಳವೆಯ ಒಳ ವಿಸ್ತೀರ್ಣ ಗೂಡಿನ ಬಾಯಿಯ ಹತ್ತನೇ ಒಂದು ಭಾಗದಷ್ಟಾದರೂ ಇರಬೇಕು. ಮೂರಡಿ ಅಗಲ, ಎರಡೂವರೆ ಅಡಿ ಎತ್ತರದ ಬಾಯಿಗೆ ಒಳಗಡೆ 9 ಅಂಗುಲಕ್ಕೆ 12 ಅಂಗುಲದ ಕೊಳವೆ ಬೇಕಾಯಿತು. ಇಂಥ ಬಾಯಿಗೆ ನಾಲ್ಕಂಗುಲದ ಪೈಪು ಕೂರಿಸಿದರೆ ಹೊಗೆ ವಾಪಸು ನಿಮ್ಮ ಮುಖಕ್ಕೇ ಬರುತ್ತದೆ. ಚಿಮಣಿಯ ತುದಿ ಮಾಡನ್ನು ದಾಟುವ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು. ಜೊತೆಗೆ ಸುತ್ತ 10 ಅಡಿಯೊಳಗಿನ ನೀರಿನ ಟ್ಯಾಂಕು, ಗೋಡೆಗಳಿಗಿಂತ 2 ಅಡಿ ಎತ್ತರವಿರಬೇಕು. ಇಲ್ಲದಿದ್ದರೆ ಗಾಳಿ ಸುಳಿದು ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಇನ್ನೊಂದು ಸಂಗತಿ ಹಳೆಯ ಬಂಗಲೆಗಳಲ್ಲಿ ಇರಲಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಅಥವಾ ವಿದ್ಯುತ್ ಚಿಮಣಿ ಓಡುತ್ತಿದ್ದರೆ ಅದು ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆ ಜಾಗ ತುಂಬಲು ಫೈರ್‌ಪ್ಲೇಸ್‌ನ ಹೊಗೆ ತಿರುಗಿ ಕೋಣೆಗೆ ಇಳಿಯುತ್ತದೆ. ಬೆಂಕಿ ಇರುವಾಗ ಫ್ಯಾನ್ ನಿಲ್ಲಿಸಿ, ಒಂದು ಕಿಟಕಿಯನ್ನು ಎರಡಂಗುಲ ತೆರೆದಿಡಿ.

ಸೌದೆ ಚೆನ್ನಾಗಿ ಒಣಗಿರಬೇಕು. ಕಾಫಿ ಗಿಡದ ಕೊರಡಾಗಲಿ, ಸಿಲ್ವರ್ ಓಕ್ ಆಗಲಿ, ಸೀಳಿ ನೆರಳಿನಲ್ಲಿ ಒಂದು ಬೇಸಿಗೆ ಕಳೆಯಲಿ. ಪ್ಲೈವುಡ್ ಚೂರು, ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಹಾಕಲೇಬಾರದು. ಮನೆಯಲ್ಲಿ ಹಸುಗೂಸು, ಆಸ್ತಮಾ ಇರುವವರು ಅಥವಾ ಹೃದ್ರೋಗಿಗಳಿದ್ದರೆ ಚಿಮಣಿ ಎಷ್ಟೇ ಚೆನ್ನಾಗಿದ್ದರೂ ದಿನನಿತ್ಯ ಬೆಂಕಿ ಹಾಕುವುದು ಬೇಡ ಎಂದೇ ನನ್ನ ಸಲಹೆ. ಹೊಗೆಯ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಹೊಗೆಯಾದರೆ ಕಣ್ಣು ಉರಿದು ಎಚ್ಚರಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯಿಲ್ಲ. ಗಾಳಿ ಸಾಲದೆ ಅರೆಬರೆ ಉರಿದಾಗ ಅದು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್‌ನಿಂದ ಸಾವು ಎಂಬ ಸುದ್ದಿಗಳ ಹಿಂದೆ ಇರುವುದೂ ಇದೇ ಅನಿಲ. ಫೈರ್‌ಪ್ಲೇಸ್‌ನಲ್ಲಿ ಅತ್ಯಂತ ಅಪಾಯದ ಹೊತ್ತು ಜ್ವಾಲೆ ಆರಿ ಕೆಂಡ ಮಾತ್ರ ಉಳಿದ ಹೊತ್ತು. ಬೆಂಕಿ ಆರಿತೆಂದು ಭಾವಿಸಿ, ಚಳಿಗಾಳಿ ಬರದಿರಲೆಂದು ಚಿಮಣಿಯ ಮುಚ್ಚಳ ಹಾಕಿ ಮಲಗುತ್ತಾರೆ. ಬೂದಿಯೊಳಗೆ ಕೆಂಡ ಬೆಳಗಿನವರೆಗೂ ಉಸಿರಾಡುತ್ತಿರುತ್ತದೆ. ಬೂದಿ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆರೆದೇ ಇರಲಿ.

ಚಿಮಣಿಯೇ ಇಲ್ಲದ ಅಗ್ಗಿಷ್ಟಿಕೆಯ ವಿಷಯ ಇನ್ನೂ ಗಂಭೀರ. ಚಳಿಯೆಂದು ಇದ್ದಿಲ ಕೆಂಡವನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುವುದು, ಬಾಣಂತಿಯ ಮಂಚದ ಕೆಳಗೆ ಕೆಂಡವಿಟ್ಟು, ಗಾಳಿ ಸೋಕಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚುವುದು ಈಗಲೂ ಅಲ್ಲಲ್ಲಿ ಉಂಟು. ಹಿರಿಯರ ಮನಸ್ಸು ನೋಯಿಸದೆ ಹೇಳಿ: ಬಾಣಂತಿಗೆ ಕಂಬಳಿ, ಬಿಸಿನೀರಿನ ಚೀಲ ಸಾಕು; ಕೆಂಡ ಅಂಗಳದಲ್ಲಿರಲಿ. ದೊಡ್ಡವರಿಗೆ ತಲೆನೋವು ತರುವಷ್ಟು ಅನಿಲ ಹಸುಗೂಸಿನ ಪ್ರಾಣಕ್ಕೇ ಎರವಾಗಬಹುದು.

ತಲೆನೋವು, ತಲೆಸುತ್ತು, ಓಕರಿಕೆ, ವಿಪರೀತ ಸುಸ್ತು ಇದರ ಮೊದಲ ಲಕ್ಷಣಗಳು. ಊಟ ಸರಿಹೋಗಲಿಲ್ಲ ಎಂದುಕೊಂಡು ಜನ ಮಲಗಿಬಿಡುತ್ತಾರೆ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ಹೀಗಾದರೆ, ಅಂಗಳಕ್ಕೆ ಬಂದಾಗ ಹಗುರವೆನಿಸಿದರೆ ಬೆಂಕಿಯನ್ನೇ ಅನುಮಾನಿಸಿ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಬೆರಳಿಗೆ ಹಾಕುವ ಆ ಯಂತ್ರಕ್ಕೆ ಎರಡು ಅನಿಲಗಳ ವ್ಯತ್ಯಾಸ ತಿಳಿಯದು. ಮನುಷ್ಯ ಸಾಯುವ ಸ್ಥಿತಿಯಲ್ಲಿದ್ದರೂ 98 ಎಂದು ತೋರಿಸಬಹುದು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ಫೈರ್‌ಪ್ಲೇಸ್‌ಗೆ ಲಕ್ಷಗಳನ್ನು ಸುರಿಯುವವರು ಮಲಗುವ ಕೋಣೆಯಲ್ಲಿ ಇದೊಂದನ್ನು ಹಾಕಿಸುವುದು ದೊಡ್ಡ ಖರ್ಚಲ್ಲ.

ಯಾರಾದರೂ ಎಚ್ಚರ ತಪ್ಪಿದ್ದರೆ ಬಾಗಿಲು, ಕಿಟಕಿ ತೆರೆದು ಮೊದಲು ಅವರನ್ನು ಹೊರಗಿನ ಗಾಳಿಗೆ ತನ್ನಿ. ನೀವೂ ಒಳಗೆ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ. ಕೋಣೆಯಲ್ಲಿ ಬೆಂಕಿ ಇತ್ತು ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಿ; ಎಷ್ಟೋ ವೇಳೆ ರೋಗನಿರ್ಣಯಕ್ಕೆ ಸುಳಿವು ಅದೊಂದೇ. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿದರೆ, ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಒಂದು-ಒಂದೂವರೆ ಗಂಟೆ ಸಾಕಾಗುತ್ತದೆ. ಗರ್ಭಿಣಿಯಾಗಿದ್ದರೆ ಅದನ್ನೂ ಮೊದಲೇ ಹೇಳಿ. ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ವಿಷ ಇಳಿಯುವುದು ತಾಯಿಯದಕ್ಕಿಂತ ನಿಧಾನವಾದ್ದರಿಂದ ತಾಯಿ ಚೇತರಿಸಿಕೊಂಡಂತೆ ಕಂಡರೂ ಆಮ್ಲಜನಕವನ್ನು ಇನ್ನಷ್ಟು ಹೊತ್ತು ಮುಂದುವರಿಸಬೇಕಾಗುತ್ತದೆ.