ತೆರೆಯ ಮೇಲಿನ ತರಗತಿ: ಪರಿಚಿತವು ಅಪರಿಚಿತವಾದ ಬಗೆ

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಬಳಿಕ ವಿಶ್ವವಿದ್ಯಾನಿಲಯದ ಬೋಧನೆಯು ಕಂಪ್ಯೂಟರ್ ಮತ್ತು ಮೊಬೈಲುಗಳ ತೆರೆಗೆ ಸರಿಯಿತು. ಪಾಠ್ಯವಿಷಯವು ಮೊದಲಿನದೇ, ಅಧ್ಯಾಪಕರೂ ಅವರೇ. ಆದರೂ ಇಡೀ ವ್ಯವಹಾರವು ಅಪರಿಚಿತವೆನಿಸಿತು. ಇದರ ಕಾರಣಗಳನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುವೆವು.

ದೂರದಿಂದ ಕಲಿಯುವುದು ಹೊಸತೇನಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ಯಾವ ಕಾಲೇಜಿಗೂ ಸೇರದವರಿಗೆ ಪದವಿ ಪರೀಕ್ಷೆಗಳನ್ನು ತೆರೆದಿತ್ತು; ಮೈಸೂರಿನಲ್ಲಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆದರೆ ಅಂಚೆಯಲ್ಲಿ ಬಂದ ಪಾಠವನ್ನು ಯಾರೂ ತರಗತಿಯೆಂದು ಭಾವಿಸಲಿಲ್ಲ. ತೆರೆಯ ಪಾಠವಾದರೋ ತರಗತಿಯ ರೂಪವನ್ನೇ ತಳೆದು ಬರುತ್ತದೆ. ಅದರ ಒಳನಡೆ ಮಾತ್ರ ಬೇರೆ.

ಮೊದಲನೆಯದು ದೃಷ್ಟಿ. ಕ್ಯಾಮೆರಾ ಸಾಮಾನ್ಯವಾಗಿ ತೆರೆಯ ಮೇಲಂಚಿನಲ್ಲಿದೆ, ಮುಖಗಳು ಅದರ ಕೆಳಗಿವೆ. ವಿದ್ಯಾರ್ಥಿಯ ಮುಖವನ್ನು ನೋಡುವ ಅಧ್ಯಾಪಕನು ಅವನಿಗೆ ಬೇರೆಲ್ಲೋ ನೋಡುತ್ತಿರುವಂತೆ ತೋರುತ್ತಾನೆ. ಇದರೊಡನೆ ತನ್ನ ಮುಖವನ್ನೇ ತಾನು ಸತತವಾಗಿ ಕಾಣಬೇಕಾಗುತ್ತದೆ. ವಿಡಿಯೊ ಸಭೆಗಳ ಬಳಲಿಕೆಗೆ ಇದೂ ಒಂದು ಕಾರಣವಿರಬಹುದೆಂದು ಸ್ಟ್ಯಾನ್‌ಫರ್ಡಿನ ಜೆರೆಮಿ ಬೈಲೆನ್‌ಸನ್ 2021ರಲ್ಲಿ ಸೂಚಿಸಿದರು.

ಎರಡನೆಯದು ಕಾಲ. ಹತ್ತು ಭಾಷೆಗಳ ಸಂಭಾಷಣೆಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ತೊಡಗುವ ಅಂತರವು ಸರಾಸರಿ 0.2 ಸೆಕೆಂಡಿನಷ್ಟು. ಇಷ್ಟು ಸೂಕ್ಷ್ಮವಾದ ಲಯವನ್ನು ಜಾಲದ ಅಲ್ಪ ವಿಳಂಬವೂ ಕೆಡಿಸಬಲ್ಲುದು. ಪ್ರಶ್ನೆಯ ಬಳಿಕ ಮೌನವುಂಟಾದರೆ ಅದು ಆಲೋಚನೆಯೋ, ಗೊಂದಲವೋ, ಸಂಪರ್ಕ ಕಡಿದುದೋ ತಿಳಿಯದು. ಮೌನವನ್ನು ಓದಿ ಪಾಠದ ಗತಿಯನ್ನು ತಿದ್ದಿಕೊಳ್ಳುವ ಅಧ್ಯಾಪಕನ ಶಕ್ತಿಯು ಇಲ್ಲಿ ಕುಂದುತ್ತದೆ.

ಮೂರನೆಯದು ಸ್ಥಳ; ಇದೇ ಹೆಚ್ಚು ಗಂಭೀರವಾದುದು. ತರಗತಿಯ ಬೆಂಚು ಎಲ್ಲರಿಗೂ ಒಂದೇ. ಮನೆಗಳು ಹಾಗಲ್ಲ: ಒಬ್ಬನಿಗೆ ಪ್ರತ್ಯೇಕ ಕೊಠಡಿಯಿದ್ದರೆ, ಇನ್ನೊಬ್ಬಳು ಅಡುಗೆಮನೆಯ ಮೂಲೆಯಲ್ಲಿ ತಮ್ಮನೊಡನೆ ಹಂಚಿಕೊಂಡ ಮೊಬೈಲಿನಲ್ಲಿ ಪಾಠ ಕೇಳಬೇಕು. ಕಾಲೇಜಿನ ಕಟ್ಟಡವು ಕೆಲವು ಗಂಟೆಗಳ ಮಟ್ಟಿಗೆ ಮರೆಮಾಡುತ್ತಿದ್ದ ಅಸಮಾನತೆಯನ್ನು ಕ್ಯಾಮೆರಾ ಬಯಲು ಮಾಡುತ್ತದೆ. ಆದುದರಿಂದ ಮುಚ್ಚಿದ ಕ್ಯಾಮೆರಾವನ್ನು ಅಲಕ್ಷ್ಯದ ಗುರುತೆಂದು ತಿಳಿಯುವುದು ನ್ಯಾಯವಲ್ಲ.

ಪರಿಚಿತವನ್ನು ಅಪರಿಚಿತಗೊಳಿಸಿ ನಮ್ಮ ಗ್ರಹಿಕೆಯನ್ನು ಎಚ್ಚರಿಸುವುದು ಕಲೆಯ ಕಾರ್ಯವೆಂದು ರಷ್ಯದ ವಿಮರ್ಶಕ ವಿಕ್ಟರ್ ಶ್ಕ್ಲೋವ್‌ಸ್ಕಿ 1917ರಲ್ಲಿ ಪ್ರತಿಪಾದಿಸಿದನು. ತೆರೆಯ ಪಾಠವು ಕಲೆಯಲ್ಲದಿದ್ದರೂ ಅಂಥದೇ ಪರಿಣಾಮವನ್ನು ಬೀರಿತು. ನೋಟ, ಮೌನ, ಸಮಾನವಾದ ಬೆಂಚು ಇವೂ ಬೋಧನೆಯ ಅಂಗಗಳೆಂಬುದು ಅವು ಇಲ್ಲವಾದಾಗ ಸ್ಪಷ್ಟವಾಯಿತು. ತರಗತಿಗಳು ಮತ್ತೆ ತೆರೆದಿರುವ ಈಗಲೂ ತೆರೆಯ ಪಾಠವು ನಮ್ಮೊಡನಿದೆ. ಅದನ್ನು ಬಳಸುವಾಗ ಪ್ರಶ್ನೆಯ ಬಳಿಕ ಹೆಚ್ಚು ಹೊತ್ತು ಕಾಯುವುದು, ಬರೆದು ಉತ್ತರಿಸಲು ಅವಕಾಶವೀಯುವುದು, ಕ್ಯಾಮೆರಾವನ್ನು ಕಡ್ಡಾಯಗೊಳಿಸದಿರುವುದು, ಈ ಮೂರನ್ನಾದರೂ ನಾವು ಪಾಲಿಸಬೇಕಾಗಿದೆ.