ಶಹಾಬಾದ್ ಕಲ್ಲು ಎತ್ತಿದ ಕಾಕಾ, ಟಿವಿಯೊಳಗಿನ ಬಾಬ್

ಮನೆಮಂದಿಯೆಲ್ಲ ಕೂತು ಆಡುವಂಥ ವಿಡಿಯೋ ಗೇಮ್ ಸಿಗುವುದು ಕಷ್ಟ. ಕ್ರಿಕೆಟ್ ಹಾಕಿ, ಫುಟ್‌ಬಾಲ್ ಹಾಕಿ, ಕಾರ್ ರೇಸ್ ಹಾಕಿ, ಹತ್ತು ನಿಮಿಷದಲ್ಲಿ ಎಂಟನೇ ಕ್ಲಾಸಿನ ಹುಡುಗ ಗೆದ್ದು ಕೂತಿರುತ್ತಾನೆ. ಹಿರಿಯರು ‘ನೀವು ಆಡ್ರಪ್ಪಾ, ನಾವು ನೋಡ್ತೀವಿ’ ಅನ್ನುತ್ತಾರೆ. ನೋಡುವುದು ಮಾತ್ರ ತಮ್ಮ ಫೋನಿನ ರೀಲ್ಸ್. ಹೆಬ್ಬೆರಳು ಎಷ್ಟು ಬೇಗ ಓಡುತ್ತದೆ ಎಂಬುದೇ ಇಂಥ ಆಟಗಳ ಬಂಡವಾಳ, ಅದು ಮಕ್ಕಳ ಹತ್ತಿರವೇ ಇರುತ್ತದೆ.

ಫಿಸಿಕ್ಸ್ ಪಜಲ್ ಎಂಬ ಜಾತಿಯ ಆಟಗಳು ಈ ಯಜಮಾನಿಕೆಯನ್ನು ಕೊಂಚ ಅಲ್ಲಾಡಿಸುತ್ತವೆ. ಅಲ್ಲಿ ಭಾರವಿದ್ದದ್ದು ಕೆಳಗೆ ಬೀಳುತ್ತದೆ, ಉರುಳುವಂಥದ್ದು ಉರುಳುತ್ತದೆ, ಆಧಾರ ತಪ್ಪಿದ್ದು ವಾಲುತ್ತದೆ. ನಿಯಮಗಳು ಲೋಕದವೇ ಆದ್ದರಿಂದ, ಲೋಕದಲ್ಲಿ ಹೆಚ್ಚು ದಿನ ಬದುಕಿದವರಿಗೆ ಅವು ಮೊದಲೇ ಗೊತ್ತಿರುತ್ತವೆ. ನಮ್ಮ ಮನೆಯಲ್ಲಿ ಇದನ್ನು ತೋರಿಸಿಕೊಟ್ಟ ಆಟ ‘ಹ್ಯೂಮನ್ ಫಾಲ್ ಫ್ಲ್ಯಾಟ್’. ಲಿಥುವೇನಿಯಾದ ತೋಮಸ್ ಸಕಲೌಸ್ಕಸ್ ಎಂಬವರು ಐಟಿ ಕೆಲಸ ಬಿಟ್ಟು ಗೇಮ್ ಮಾಡಲು ಕೂತವರು. ಅವರ ಈ ಆಟ 2016ರ ಜುಲೈನಲ್ಲಿ ಕಂಪ್ಯೂಟರಿಗೆ ಬಂತು, ಆಮೇಲೆ ಕನ್ಸೋಲ್‌ಗಳಿಗೆ, 2019ರಲ್ಲಿ ಮೊಬೈಲಿಗೆ. ಕೋಟಿಗಟ್ಟಲೆ ಪ್ರತಿ ಮಾರಾಟವಾಗಿದೆ.

ಇದರ ನಾಯಕ ಬಾಬ್. ಹೋಳಿಗೆಗೆ ನಾದಿಟ್ಟ ಕಣಕಕ್ಕೆ ಕೈಕಾಲು ಮೂಡಿದ ಹಾಗೆ ಇದ್ದಾನೆ. ಆಕಾಶದಲ್ಲಿ ತೇಲುವ ಕಟ್ಟಡಗಳ ಮೇಲೆ ದೊಪ್ಪೆಂದು ಬಂದು ಬೀಳುವುದರಿಂದ ಅವನ ಕಥೆ ಶುರು. ಎಡಗೈಗೆ ಒಂದು ಗುಂಡಿ, ಬಲಗೈಗೆ ಇನ್ನೊಂದು. ಗುಂಡಿ ಒತ್ತಿದರೆ ಕೈ ಚಾಚುತ್ತಾನೆ, ತಗುಲಿದ್ದನ್ನು ಹಿಡಿಯುತ್ತಾನೆ, ಬಿಟ್ಟರೆ ಬಿಡುತ್ತಾನೆ. ಮೇಲೆ ನೋಡಿದರೆ ಕೈ ಮೇಲೇಳುತ್ತದೆ. ಗೋಡೆ ಹತ್ತಬೇಕೆಂದರೆ ಮೇಲೆ ನೋಡಿ, ಎರಡೂ ಕೈಯಿಂದ ಅಂಚು ಹಿಡಿದು, ಕೆಳಗೆ ನೋಡಿ ಮೈ ಎಳೆದುಕೊಳ್ಳಬೇಕು. ಅಂಕವಿಲ್ಲ, ಗಡಿಯಾರವಿಲ್ಲ, ಸಾವಿಲ್ಲ. ಅಂಚಿನಿಂದ ಜಾರಿದರೆ ಮೋಡದೊಳಗಿಂದ ಮತ್ತೆ ಅದೇ ಜಾಗಕ್ಕೆ ಬಂದು ಬೀಳುತ್ತಾನೆ. ಟಿವಿ ಎದುರು ಇಬ್ಬರು ಆಡಬಹುದು. ಪರದೆ ಎರಡು ಪಾಲಾಗುತ್ತದೆ, ಇಬ್ಬರಿಗೂ ಒಬ್ಬೊಬ್ಬ ಬಾಬ್. ಇಬ್ಬರೂ ಕುಡಿದವರ ಹಾಗೆ ತೂರಾಡುತ್ತಾರೆ, ಎಂಟನೇ ಕ್ಲಾಸಿನವನ ಬಾಬ್ ಕೂಡ. ಹೆಬ್ಬೆರಳಿನ ಚುರುಕು ಇಲ್ಲಿ ಅರ್ಧಕ್ಕರ್ಧ ನಷ್ಟ.

ಈ ತೂರಾಟ ಎಲ್ಲಿಂದ ಬಂತು? ಸಾಮಾನ್ಯ ಆಟಗಳಲ್ಲಿ ನಡಿಗೆ, ಓಟ, ಜಿಗಿತಗಳನ್ನು ಕಲಾವಿದರು ಮೊದಲೇ ಬಿಡಿಸಿಟ್ಟಿರುತ್ತಾರೆ. ಗುಂಡಿ ಒತ್ತಿದಾಗ ಆ ಚಿತ್ರ ಓಡುತ್ತದೆ ಅಷ್ಟೆ. ಬಾಬ್‌ನ ಮೈ ಹಾಗಲ್ಲ, ಕೀಲುಗಳಿಂದ ಜೋಡಿಸಿದ ತುಂಡುಗಳು. ಪ್ರತಿ ತುಂಡಿಗೂ ತೂಕವುಂಟು. ಯಾವುದು ಯಾವುದನ್ನು ಎಷ್ಟು ತಳ್ಳಿತು, ಎಳೆಯಿತು ಎಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಈ ಆಟ ಕಟ್ಟಿರುವ ಯೂನಿಟಿ ತಂತ್ರಾಂಶದಲ್ಲಿ, ಬೇರೆ ಏನೂ ಹೇಳದಿದ್ದರೆ, ಈ ಲೆಕ್ಕ ಸೆಕೆಂಡಿಗೆ 50 ಸಲ ನಡೆಯುತ್ತದೆ.

ಈ ಲೆಕ್ಕದ ವಿದ್ಯೆಯ ಮೂಲ ಇನ್ನೂ ಸ್ವಾರಸ್ಯದ್ದು. 1967ರಲ್ಲಿ ಲೂಪ್ ವೆರ್ಲೆ ಎಂಬ ಫ್ರೆಂಚ್ ಭೌತವಿಜ್ಞಾನಿ ಆರ್ಗಾನ್‌ನಂಥ 864 ಕಣಗಳು ಹೇಗೆ ಚಲಿಸುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಒಂದು ವಿಧಾನ ಬಳಸಿದರು. 2000ದಲ್ಲಿ ಡೆನ್ಮಾರ್ಕಿನವರು ‘ಹಿಟ್‌ಮ್ಯಾನ್’ ಆಟ ಮಾಡುವಾಗ, ಕೊಲೆಯಾದವನ ದೇಹ ಮೆಟ್ಟಿಲ ಮೇಲಿಂದ ನಂಬುವ ಹಾಗೆ ಉರುಳಬೇಕಲ್ಲ, ಅದಕ್ಕೆ ಥಾಮಸ್ ಯಾಕಬ್‌ಸನ್ ಅದೇ ವಿಧಾನವನ್ನು ತಂದರು. ಅದಕ್ಕೂ ಎರಡು ವರ್ಷ ಮೊದಲು ‘ಟ್ರೆಸ್‌ಪಾಸರ್’ ಎಂಬ ಡೈನೊಸಾರ್ ಆಟದಲ್ಲಿ ಆಟಗಾರರಿಗೆ ನಾಯಕಿಯ ಒಂದು ಕೈಯನ್ನು ಆಡಿಸುವ ಅಧಿಕಾರ ಕೊಟ್ಟಿದ್ದರು. ಆ ಕೈ ಎಷ್ಟು ಸೊಟ್ಟಂಪಟ್ಟ ಓಡಾಡುತ್ತಿತ್ತೆಂದರೆ, ವಿಮರ್ಶಕರು ಅದನ್ನೇ ಹಿಡಿದು ನಕ್ಕರು, ಆಟ ಮಾರುಕಟ್ಟೆಯಲ್ಲಿ ಮಲಗಿತು. ಹದಿನೆಂಟು ವರ್ಷ ಕಳೆದ ಮೇಲೆ ಒಬ್ಬ ಲಿಥುವೇನಿಯನ್ನನು ಅಂಥದೇ ಸೊಟ್ಟ ಕೈಯನ್ನು ಬೇಕೆಂದೇ ಇಟ್ಟು ಜನರನ್ನು ನಗಿಸಿದ.

ನಮ್ಮ ಕಡೆ ಈ ಜಾತಿಯ ಆಟದ ರುಚಿ ಹತ್ತಿಸಿದ್ದು ‘ಆಂಗ್ರಿ ಬರ್ಡ್ಸ್’. 2009ರ ಡಿಸೆಂಬರಿನಲ್ಲಿ ಫಿನ್‌ಲ್ಯಾಂಡಿನ ರೋವಿಯೊ ಕಂಪನಿ ಬಿಟ್ಟದ್ದು. ಕವಣೆ ಎಷ್ಟು ಎಳೆದರೆ ಹಕ್ಕಿ ಎಲ್ಲಿ ಬೀಳುತ್ತದೆ ಎಂದು ಹೇಳಿಕೊಡಬೇಕಾಗಿರಲಿಲ್ಲ. ಮಾವಿನಕಾಯಿಗೆ ಕಲ್ಲು ಹೊಡೆದವರಿಗೆಲ್ಲ ಗೊತ್ತಿತ್ತು. ಅದರೊಳಗಿನ ಲೆಕ್ಕ ಮಾಡುತ್ತಿದ್ದುದು ಎರಿನ್ ಕ್ಯಾಟೊ ಬರೆದು ಉಚಿತವಾಗಿ ಹಂಚಿದ್ದ ಬಾಕ್ಸ್‌2ಡಿ. 2011ರಲ್ಲಿ ಅಮೆರಿಕದ ಒಂದು ಸಮಾವೇಶದಲ್ಲಿ ರೋವಿಯೊದವರು ಭಾಷಣ ಮಾಡುತ್ತಿದ್ದಾಗ ಸಭೆಯಲ್ಲಿದ್ದ ಕ್ಯಾಟೊ ಎದ್ದು, ಯಾವ ಫಿಸಿಕ್ಸ್ ಎಂಜಿನ್ ಬಳಸಿದ್ದೀರಿ ಎಂದು ಕೇಳಿದರಂತೆ. ‘ಬಾಕ್ಸ್‌2ಡಿ’ ಎಂಬ ಉತ್ತರ ಬಂತು. ಹಾಗಾದರೆ ಆಟದಲ್ಲಿ ಹೆಸರು ಹಾಕಬಹುದಲ್ಲ, ಬರೆದವನು ನಾನೇ ಎಂದರಂತೆ.

ನಾವಿರುವ ಹೈದರಾಬಾದಿಗೆ ಗೇಮ್ ಹೊಸದೇನೂ ಅಲ್ಲ. ಅಮೀರ್‌ಪೇಟೆ, ದಿಲ್‌ಸುಖ್‌ನಗರದ ನೆಟ್ ಸೆಂಟರುಗಳಲ್ಲಿ ಕೋಚಿಂಗ್ ತಪ್ಪಿಸಿ ‘ಕೌಂಟರ್ ಸ್ಟ್ರೈಕ್’ ಆಡಿದ ಒಂದು ತಲೆಮಾರೇ ಈಗ ಹೈಟೆಕ್ ಸಿಟಿಯಲ್ಲಿ ಮ್ಯಾನೇಜರು. ಗ್ರಾಫಿಕ್ಸ್ ಕಾರ್ಡ್ ಬೇಕೆಂದರೆ ಸಿಕಂದರಾಬಾದಿನ ಪಾರ್ಕ್ ಲೇನಿನ ಸಿಟಿಸಿ, ಫೋನು ಮತ್ತು ಅದರ ಸಾಮಾನಿಗೆ ಅಬಿಡ್ಸಿನ ಜಗದೀಶ್ ಮಾರ್ಕೆಟ್. ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಸ್ಟುಡಿಯೊ ಈ ಊರಲ್ಲಿದೆ. 2017ರಲ್ಲಿ ಇಲ್ಲಿನದೇ ಓಗರ್ ಹೆಡ್ ಎಂಬ ಪುಟ್ಟ ಸ್ಟುಡಿಯೊ ‘ಅಸುರ’ ಹೆಸರಿನ ಆಟ ಹೊರತಂದಿತು. ದೇಶದ ಗೇಮ್ ತಯಾರಕರ ಸಮಾವೇಶ ಐಜಿಡಿಸಿ ಹಲವು ವರ್ಷ ಇಲ್ಲೇ ನಡೆಯಿತು, 2024ರದ್ದೂ ಇಲ್ಲೇ. ಇಷ್ಟೆಲ್ಲ ಇದ್ದರೂ ಮನೆಗಳಲ್ಲಿ ಗೇಮ್ ಅಂದರೆ ಬಾಗಿಲು ಹಾಕಿಕೊಂಡ ಕೋಣೆ, ಕಿವಿಗೆ ಹೆಡ್‌ಫೋನು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗ ಎಷ್ಟೋ ತಾಯಂದಿರು ಖುಷಿಪಟ್ಟದ್ದು ನನಗೆ ಗೊತ್ತು.

ಇನ್ನು ಕಲಬುರಗಿ ಕಡೆಯ ನಮ್ಮ ಕಾಕಾನ ವಿಷಯ. ಕಲಬುರಗಿ, ಬೀದರ, ರಾಯಚೂರುಗಳೆಲ್ಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬೇರೆಯಾದರೂ ಆ ಕಡೆಯ ಮನೆಗಳಿಗೆ ಈ ಊರಿನ ನಂಟು ಬಿಟ್ಟಿಲ್ಲ. ಕಾಚಿಗೂಡದಲ್ಲಿ ನೃಪತುಂಗ ಶಾಲೆಯೇ ಇದೆ. ನಮ್ಮ ಕಾಕಾ ಶಹಾಬಾದಿನಲ್ಲಿ ರೈಲು ಹತ್ತಿದರೆ ವಾಡಿ, ಸೇಡಂ, ತಾಂಡೂರು ದಾಟಿ ಇಲ್ಲಿಗೆ ಬರುತ್ತಾರೆ. ದಾರಿಯುದ್ದಕ್ಕೂ ಕಲ್ಲಿನ ಗಣಿ, ಕೊಯ್ದು ಒಟ್ಟಿದ ಹಾಸುಗಲ್ಲು. ಹೈದರಾಬಾದಿನ ಹಳೇ ಮನೆಗಳ ನೆಲಕ್ಕೆ ಹಾಸಿರುವುದು ಶಹಾಬಾದಿನ ಕಲ್ಲು, ಇಲ್ಲವೇ ತಾಂಡೂರಿನದು. ಕಾಕಾ ಹರೆಯದಲ್ಲಿ ಆ ಕಲ್ಲು ತುಂಬಿಸುವ ಕೆಲಸ ಮಾಡಿದವರು. ಅದಕ್ಕೂ ಮೊದಲು ಬಂಡಿ ಹೊಡೆದವರು.

ಒಂದು ಭಾನುವಾರ ಅಕ್ಕನ ಮಕ್ಕಳಿಬ್ಬರೂ ಬಾಬ್‌ಗಳನ್ನು ಹಿಡಿದು ದೊಡ್ಡದೊಂದು ಪೆಟ್ಟಿಗೆಯನ್ನು ಎಳೆಯಲು ಹೆಣಗುತ್ತಿದ್ದರು. ‘ಹಿಡಿ’, ‘ಪಟ್ಕೋ’, ‘ಪಕಡ್ ರೇ’ ಎಂದು ಮೂರೂ ಭಾಷೆಯಲ್ಲಿ ಕೂಗಾಟ. ಬದಿಯಲ್ಲಿ ಚಹಾಕ್ಕೆ ಉಸ್ಮಾನಿಯಾ ಬಿಸ್ಕೀಟು ಅದ್ದುತ್ತಿದ್ದ ಕಾಕಾ ತಡೆಯಲಾರದೆ ಹೇಳಿದರು: ‘ಎಳಿಬ್ಯಾಡ್ರೋ ಅದನ್ನ, ನಡಸ್ರಿ. ಒಂದು ಮೂಲಿ ಮ್ಯಾಲ ನಿಂದ್ರಸಿ ತಿರುವ್ರಿ, ತಾನೇ ಬರ್ತದ.’ ಹಾಸುಗಲ್ಲನ್ನು ಒಬ್ಬನೇ ಆಳು ಅಂಗಳ ದಾಟಿಸುವ ರೀತಿ ಅದು. ಒಂದು ಮೂಲೆ ಊರಿ ಇನ್ನೊಂದನ್ನು ಮುಂದಕ್ಕೆ ತಿರುಗಿಸುವುದು, ಆಮೇಲೆ ಆ ಮೂಲೆ ಊರಿ ಇದನ್ನು. ಅಡಿಯೆಲ್ಲ ನೆಲಕ್ಕೆ ತಾಗಿ ತಿಕ್ಕಿಕೊಂಡು ಬರಬೇಕಾದ ಕಷ್ಟ ಇದರಲ್ಲಿಲ್ಲ, ಒಂದು ಸಲಕ್ಕೆ ಅರ್ಧ ಭಾರವಷ್ಟೇ ಕೈಗೆ. ಮಕ್ಕಳು ಹಾಗೇ ಮಾಡಿದರು. ಪೆಟ್ಟಿಗೆ ಕುಣಿಯುತ್ತ ಬಂತು.

ಆಮೇಲೆ ಅವರ ಕೈಗೇ ಕಂಟ್ರೋಲರ್ ಹೋಯಿತು. ಬೆರಳು ನಿಧಾನ, ಆದರೆ ಲೆಕ್ಕ ಪಕ್ಕಾ. ಕಂದರದ ಮೇಲೆ ಹಲಗೆ ಚಾಚಿ ದಾಟಬೇಕಾದಲ್ಲಿ ಮಕ್ಕಳು ಓಡಿ ಹೋಗಿ ಹಲಗೆಯ ಸಮೇತ ಮೋಡಕ್ಕೆ ಬಿದ್ದಿದ್ದರು. ಎರಡು ಗಾಲಿಯ ಬಂಡಿಯಲ್ಲಿ ಭಾರ ಮುಂದಾದರೆ ಎತ್ತಿನ ಹೆಗಲಿಗೆ, ಹಿಂದಾದರೆ ನೊಗವೇ ಮೇಲೇಳುತ್ತದೆ. ಇದು ಗೊತ್ತಿದ್ದ ಕಾಕಾ ತಮ್ಮ ಬಾಬ್‌ನನ್ನು ಹಲಗೆಯ ಈಚೆ ತುದಿಯ ಮೇಲೆ ನಿಲ್ಲಿಸಿ ಮೊಮ್ಮಗನಿಗೆ ‘ಈಗ ಹೋಗು’ ಅಂದರು. ಹುಡುಗನಿಗೆ ಸನ್ನೆಕೋಲಿನ ಪಾಠ ಶಾಲೆಯಲ್ಲಿ ಆಗಿತ್ತು, ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕವನ್ನೂ ತೆಗೆದಿದ್ದ. ಹಲಗೆಯ ಮೇಲೆ ಅದು ನೆನಪಾಗಿರಲಿಲ್ಲ. ಪಾಠ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಆಧಾರ, ಭಾರ, ಬಲ ಎಂದು ಬಾಯಿಪಾಠ ಮಾಡಿಸುವ ಬದಲು ಒಂದು ಹಾರೆ, ಒಂದು ಕಲ್ಲು ಕೊಟ್ಟಿದ್ದರೆ ಸಾಕಿತ್ತು.

ಇಲ್ಲಿ ಒಗಟಿಗೆ ಒಂದೇ ಉತ್ತರ ಇಲ್ಲದಿರುವುದು ನನಗೆ ಬಹಳ ಹಿಡಿಸಿದ್ದು. ಬಾಗಿಲು ತೆರೆಯುವ ಗುಂಡಿಯ ಮೇಲೆ ಪೆಟ್ಟಿಗೆ ಇಡಬಹುದು, ಇಲ್ಲವೇ ಗೆಳೆಯನನ್ನು ನಿಲ್ಲಿಸಿ ‘ಅಲ್ಲೇ ಇರು’ ಎಂದು ಮುಂದೆ ಹೋಗಬಹುದು. ‘ಕ್ಯಾಸಲ್’ ಎಂಬ ಘಟ್ಟದಲ್ಲಿ ಕೋಟೆಗೆ ಕಲ್ಲು ಬೀಸುವ ಯಂತ್ರವಿದೆ. ಕಲ್ಲಿನ ಬದಲು ತಂಗಿಯನ್ನು ಕೂರಿಸಿ ಬೀಸಲಾಯಿತು. ಹಿಂದಿನ ವಾರವಷ್ಟೇ ಗೋಲ್ಕೊಂಡ ನೋಡಿ ಬಂದಿದ್ದ ಮಕ್ಕಳಿಗೆ, ಆನೆ ತಳ್ಳದಿರಲೆಂದು ಬಾಗಿಲಿಗೆ ಹೊಡೆದ ಕಬ್ಬಿಣದ ಮೊಳೆಗಳ ನೆನಪು ಹಸಿಯಾಗಿತ್ತು. ಔರಂಗಜೇಬನ ಸೈನ್ಯ ಹೇಗೆ ಒಳಗೆ ಹೋಯಿತು ಎಂಬ ಪ್ರಶ್ನೆ ಎದ್ದಿತು. 1687ರಲ್ಲಿ ಸುಮಾರು ಎಂಟು ತಿಂಗಳು ಮುತ್ತಿಗೆ ಹಾಕಿ, ಏಣಿ ಹಾಕಿ, ಸುರಂಗಕ್ಕೆ ಮದ್ದು ತುಂಬಿದರೆ ಅದು ಹಿಂದಕ್ಕೇ ಸಿಡಿಯಿತು, ಕೊನೆಗೆ ಒಳಗಿನವನೊಬ್ಬ ರಾತ್ರಿ ಬಾಗಿಲು ತೆಗೆದ. ‘ಹಂಗಾದ್ರ ಅದು ಚೀಟಿಂಗ್’ ಎಂದು ಚಿಕ್ಕವಳ ತೀರ್ಪು.

ಆನ್‌ಲೈನಿನಲ್ಲಿ ಎಂಟು ಜನರವರೆಗೆ ಕೂಡಬಹುದು. ಇಲ್ಲಿ ಭಾನುವಾರ ರಾತ್ರಿ ಊಟವಾದ ಹೊತ್ತು ನ್ಯೂಜೆರ್ಸಿಯಲ್ಲಿ ಬೆಳಗು. ಕಾಕಾನ ಮಗ ಅಲ್ಲಿಂದಲೇ ಆಟಕ್ಕೆ ಬರುತ್ತಾನೆ. ವಾರದ ಫೋನಿನಲ್ಲಿ ‘ಊಟ ಆಯ್ತಾ, ಆರಾಮ ಇದ್ದೀರಾ’ ಮುಗಿದ ಮೇಲೆ ಮಾತು ಒಣಗುತ್ತಿದ್ದ ಅಪ್ಪ-ಮಗ ಈಗ ಒಂದೇ ದೋಣಿಯಲ್ಲಿ ಕೂತು, ಹುಟ್ಟು ಯಾವ ಕಡೆ ಹಾಕಬೇಕೆಂದು ಜಗಳವಾಡುತ್ತಾರೆ. ಕಾಕಿ ಆಡುವುದಿಲ್ಲ. ಪರದೆ ತಿರುಗಿದಂತೆ ಅವರಿಗೆ ತಲೆಸುತ್ತು. ಬೇರೆ ಕೆಲವರಿಗೂ ಹೀಗಾಗುತ್ತದೆ, ಟಿವಿಯಿಂದ ದೂರ ಕೂತು ಕೋಣೆಯ ದೀಪ ಹಚ್ಚಿಟ್ಟರೆ ಸ್ವಲ್ಪ ವಾಸಿ. ಪೂರ್ತಿ ದುಡ್ಡು ಕೊಟ್ಟು ಕೊಳ್ಳುವ ಅಗತ್ಯವಿಲ್ಲ, ಆಗಾಗ ರಿಯಾಯಿತಿ ಬರುತ್ತದೆ. ‘ಪೋರ್ಟಲ್ 2’ (2011) ಇದಕ್ಕಿಂತ ಜಾಣ ಆಟ, ಇಬ್ಬರಿಗೆಂದೇ ಬೇರೆ ಭಾಗವಿದೆ. ಆದರೆ ಅದರ ವೇಗ, ಇಂಗ್ಲಿಷ್ ಮಾತು ಎರಡೂ ಹಿರಿಯರನ್ನು ಹೊರಗಿಡುತ್ತವೆ.

ಕಾಕಾನಿಗೆ ಆಟದ ಮೇಲೆ ತಕರಾರುಗಳೂ ಇವೆ. ಬಾಬ್ ಒಂದೇ ಕೈಯಲ್ಲಿ ಗೋಡೆಗೆ ಎಷ್ಟು ಹೊತ್ತು ಬೇಕಾದರೂ ಜೋತಾಡುತ್ತಾನೆ. ಹಿಡಿದದ್ದು ಕೈಗೆ ಅಂಟಿಕೊಳ್ಳುತ್ತದೆ, ಬೆವರಿಗೆ ಜಾರುವುದಿಲ್ಲ. ಕಲ್ಲು ಕಾಲ ಮೇಲೆ ಬಿದ್ದರೂ ಎದ್ದು ನಡೆಯುತ್ತಾನೆ. ಭಾರದ ಲೆಕ್ಕವಿದೆ, ದಣಿವಿನ ಲೆಕ್ಕವೇ ಇಲ್ಲ. ‘ಪವರ್ ಪ್ಲಾಂಟ್’ ಘಟ್ಟದಲ್ಲಿ ಕಲ್ಲಿದ್ದಲನ್ನು ಕುಲುಮೆಗೆ ಹಾಕಿ ಮುಗಿಸಿದ ದಿನ ಮೊಮ್ಮಗನನ್ನು ಕೇಳಿದರು:

‘ಇಷ್ಟು ಹೊತ್ತಿದ್ದಕ್ಕ ಹಮಾಲಿ ಎಷ್ಟು ಕೊಡ್ತಾರೋ?’

‘ರೊಕ್ಕ ಇಲ್ಲ ಮುತ್ಯಾ, ಟ್ರೋಫಿ ಬರ್ತದ.’

‘ಟ್ರೋಫಿ ನಿಮ್ಮ ಅವ್ವಗ ಕೊಡು. ನಾಳಿಂದ ಕಲ್ಲಿದ್ದಲ ನೀನೇ ಹೊರು.’